ಎಫ್‌ಟಿಪಿ ಸರ್ವರ್ ಮತ್ತು ಬಫರ್ ಓವರ್‌ಫ್ಲೋ: ಒಂದು ಬೈಟಿನ ಲೆಕ್ಕ



ಕಂಪ್ಯೂಟರ್ ಭದ್ರತೆ ಸೈನ್ಸ್ ವಿಭಾಗದವರ ವಿಷಯ, ಕಾಮರ್ಸ್‌ನವರಿಗೆ ಅದು ಯಾಕೆ ಎಂದು ನಮ್ಮಲ್ಲಿ ಹಲವರು ಕೇಳುತ್ತಾರೆ. ಈ ಲೇಖನದಲ್ಲಿ ನಾನು ವಿವರಿಸುವ ದೋಷವನ್ನು ಅರ್ಥ ಮಾಡಿಕೊಳ್ಳಲು ಕೂಡುವುದು ಮತ್ತು ಎಣಿಸುವುದು ಗೊತ್ತಿದ್ದರೆ ಸಾಕು. 2003ರಲ್ಲಿ ಡಬ್ಲ್ಯುಯು-ಎಫ್‌ಟಿಪಿಡಿ ಎಂಬ ಪ್ರಸಿದ್ಧ ಸರ್ವರ್ ತಂತ್ರಾಂಶದಲ್ಲಿ ಒಂದು ತಪ್ಪು ಪತ್ತೆಯಾಯಿತು. ಒಂದೇ ಒಂದು ಬೈಟ್ ಲೆಕ್ಕಕ್ಕೆ ಬಾರದೆ ಹೋದದ್ದರಿಂದ ಇಡೀ ಕಂಪ್ಯೂಟರ್ ಬೇರೆಯವರ ಕೈಗೆ ಹೋಗುವ ದಾರಿ ತೆರೆದುಕೊಂಡಿತ್ತು. ಅಲ್ಲಿ ತಪಾಸಣೆ ಇರಲಿಲ್ಲ ಎಂದಲ್ಲ. ತಪಾಸಣೆ ಇತ್ತು, ಆದರೆ ಅದರ ಲೆಕ್ಕವೇ ತಪ್ಪಾಗಿತ್ತು. ಲೆಕ್ಕಶಾಸ್ತ್ರ ಓದುವ ನಮಗೆ ಇದಕ್ಕಿಂತ ಹತ್ತಿರದ ಪಾಠ ಬೇರೊಂದಿಲ್ಲ ಎಂದು ನನಗೆ ಅನಿಸಿತು.

1. ಎಫ್‌ಟಿಪಿ ಎಂದರೇನು?

ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ಕಳಿಸಲು ಮತ್ತು ಪಡೆಯಲು ಇರುವ ಹಳೆಯ ನಿಯಮಾವಳಿಯೇ ಫೈಲ್ ಟ್ರಾನ್ಸ್‌ಫರ್ ಪ್ರೋಟೋಕಾಲ್. ಚಿಕ್ಕದಾಗಿ ಎಫ್‌ಟಿಪಿ. ಇದರ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್ ಎಂಬ ಭಾರತೀಯರು. ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋಗಿದ್ದವರು. ಆಗ ಇಂದಿನ ಇಂಟರ್‌ನೆಟ್ ಇರಲಿಲ್ಲ. ಅದರ ಪೂರ್ವಜ ಎನ್ನಬಹುದಾದ ಅರ್ಪಾನೆಟ್ ಮಾತ್ರ ಇತ್ತು. 1985ರಲ್ಲಿ ಎಫ್‌ಟಿಪಿಯ ನಿಯಮಗಳನ್ನು ಪರಿಷ್ಕರಿಸಲಾಯಿತು. ಮುಖ್ಯವಾಗಿ ಆ ರೂಪವೇ ನಂತರ ಬಳಕೆಯಲ್ಲಿ ಉಳಿಯಿತು.

ಎಫ್‌ಟಿಪಿ ಸರ್ವರ್ ಕೆಲಸ ಮಾಡುವ ಬಗೆ ಸರಳ. ನಾವು 21ನೇ ಪೋರ್ಟ್‌ಗೆ ಸಂಪರ್ಕಿಸಿ ಹೆಸರು ಮತ್ತು ಪಾಸ್‌ವರ್ಡ್ ಕೊಡುತ್ತೇವೆ. ಆಮೇಲೆ ಈ ಫೈಲ್ ಕೊಡು, ಈ ಫೈಲ್ ಇಟ್ಟುಕೋ, ಈ ಹೆಸರಿನ ಫೋಲ್ಡರ್ ಮಾಡು ಎಂದು ಒಂದೊಂದೇ ಸಾಲಿನ ಆಜ್ಞೆ ಕಳಿಸುತ್ತೇವೆ. ಕೆಲವು ಸರ್ವರ್‌ಗಳು ‘ಅನಾನಿಮಸ್’ ಎಂಬ ಹೆಸರಿನಲ್ಲಿ ಯಾರು ಬಂದರೂ ಒಳಗೆ ಬಿಡುತ್ತಿದ್ದವು. ಸಾರ್ವಜನಿಕ ಗ್ರಂಥಾಲಯದ ಬಾಗಿಲಿನಂತೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಹೊರಗಿನವರು ಬರೆದು ಕಳಿಸಿದ ಅಕ್ಷರಗಳನ್ನು ಸರ್ವರ್ ತನ್ನ ಮೆಮೊರಿಯಲ್ಲಿ ಎಲ್ಲಾದರೂ ಇಟ್ಟುಕೊಳ್ಳಲೇಬೇಕು. ಆ ಜಾಗಕ್ಕೆ ಬಫರ್ ಎಂದು ಹೆಸರು.

2. ಬಫರ್ ತುಂಬಿ ಹರಿದರೆ?

ಬಫರ್ ಎಂದರೆ ಮಾಹಿತಿಯನ್ನು ಸ್ವಲ್ಪ ಹೊತ್ತು ಇಡಲು ಕಾಯ್ದಿರಿಸಿದ ಅಳತೆಯ ಜಾಗ. 20 ಬೈಟಿನ ಬಫರ್‌ನಲ್ಲಿ 20 ಬೈಟ್ ಮಾತ್ರ ಹಿಡಿಯುತ್ತದೆ. ಸಿ ಭಾಷೆಯಲ್ಲಿ ಪದದ ಕೊನೆಯನ್ನು ತೋರಿಸಲು ಒಂದು ಸೊನ್ನೆ ಬೈಟ್ ಇಡಬೇಕು. ಆದ್ದರಿಂದ 20 ಬೈಟಿನಲ್ಲಿ ನಿಜವಾಗಿ ಸಿಗುವುದು 19 ಅಕ್ಷರಗಳ ಜಾಗ. ಈ ಕೊನೆಯ ಸೊನ್ನೆಯನ್ನು ಮರೆಯಬೇಡಿ, ಮುಂದೆ ಮತ್ತೆ ಬರುತ್ತದೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಕನ್ನಡದಲ್ಲಿ ಹೇಳುತ್ತಾರೆ. ನಮ್ಮ ಮನೆಮಾತು ಉರ್ದು. ಅಮ್ಮಿ ಇದನ್ನೇ ‘ಚಾದರ್ ದೇಖ್ ಕೇ ಪಾಂವ್ ಫೈಲಾವೋ’ ಎನ್ನುತ್ತಾರೆ. ಸಿ ಭಾಷೆ ಮಾತ್ರ ಈ ಗಾದೆಯನ್ನು ತಾನಾಗಿ ಪಾಲಿಸುವುದಿಲ್ಲ. ಜಾಗ 20 ಇದ್ದು 30 ಬೈಟ್ ಬರೆದರೆ ಅದು ನಮ್ಮನ್ನು ತಡೆಯುವುದಿಲ್ಲ. ಉಳಿದ 10 ಬೈಟ್ ಪಕ್ಕದ ಜಾಗಕ್ಕೆ ಹರಿದು, ಅಲ್ಲಿದ್ದದ್ದನ್ನು ಅಳಿಸಿ ಕೂತುಬಿಡುತ್ತದೆ. ಇದೇ ಬಫರ್ ಓವರ್‌ಫ್ಲೋ. ಹಾಸಿಗೆ ನೋಡಿಕೊಳ್ಳುವ ಹೊಣೆ ಪೂರ್ತಿಯಾಗಿ ಪ್ರೋಗ್ರಾಂ ಬರೆಯುವವರದು.

ಪಕ್ಕದಲ್ಲಿ ಏನಿರುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಪ್ರೋಗ್ರಾಂನಲ್ಲಿ ಫಂಕ್ಷನ್ ಎಂಬ ಸಣ್ಣ ಸಣ್ಣ ಭಾಗಗಳಿರುತ್ತವೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸವನ್ನು ಮೆಮೊರಿಯಲ್ಲಿ ಬರೆದಿಡಲಾಗುತ್ತದೆ. ಇದಕ್ಕೆ ರಿಟರ್ನ್ ಅಡ್ರೆಸ್ ಎನ್ನುತ್ತಾರೆ. ನಮ್ಮ ಜರ್ನಲ್‌ನಲ್ಲಿ ಎಲ್.ಎಫ್. ಎಂಬ ಕಾಲಂ ಇದೆಯಲ್ಲ, ಹಾಗೆಂದುಕೊಳ್ಳಿ. ಲೆಡ್ಜರ್‌ನ ಯಾವ ಪುಟಕ್ಕೆ ಹೋಗಬೇಕು ಎಂದು ಅದು ಹೇಳುತ್ತದೆ. ವಿವರಣೆಯ ಕಾಲಂನಲ್ಲಿ ಯಾರೋ ಉದ್ದುದ್ದ ಬರೆದು, ಆ ಬರಹ ಎಲ್.ಎಫ್. ಕಾಲಂವರೆಗೆ ಹೋಗಿ ಅಲ್ಲಿದ್ದ 12ನ್ನು ಅಳಿಸಿ 95 ಎಂದು ಮಾಡಿದರೆ ಗುಮಾಸ್ತ 95ನೇ ಪುಟಕ್ಕೇ ಹೋಗುತ್ತಾನೆ. ಆ ಪುಟವನ್ನು ಮೋಸಗಾರನೇ ಮೊದಲೇ ಬರೆದಿಟ್ಟಿದ್ದರೆ? ಕಂಪ್ಯೂಟರ್ ಆ ಗುಮಾಸ್ತನಿಗಿಂತ ಹೆಚ್ಚು ವಿಧೇಯ. ಕೊಟ್ಟ ವಿಳಾಸಕ್ಕೆ ಹೋಗಿ, ಅಲ್ಲಿರುವ ಆಜ್ಞೆಗಳನ್ನು ಅದು ಪಾಲಿಸುತ್ತದೆ.

3. ತಪಾಸಣೆಯೇ ಇಲ್ಲದ ಕಾಲ

1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ವರ್ಮ್ ಇದೇ ದಾರಿಯನ್ನು ಬಳಸಿತು. ಅದು ನುಗ್ಗಿದ ಬಾಗಿಲುಗಳಲ್ಲಿ ಒಂದು ಫಿಂಗರ್ ಎಂಬ ಸೇವೆ. ಅಲ್ಲಿದ್ದ ಬಫರ್ 512 ಬೈಟಿನದು. ವರ್ಮ್ ಕಳಿಸಿದ್ದು 536 ಬೈಟ್. ಸಾಲು ಓದಲು ಬಳಸಿದ್ದ ‘ಗೆಟ್ಸ್’ ಎಂಬ ಫಂಕ್ಷನ್‌ಗೆ ಬಫರ್ ಎಷ್ಟು ದೊಡ್ಡದು ಎಂದು ಕೇಳುವ ಅಭ್ಯಾಸವೇ ಇರಲಿಲ್ಲ. ಸುಮಾರು 6,000 ಕಂಪ್ಯೂಟರ್‌ಗಳಿಗೆ ತೊಂದರೆಯಾಯಿತು ಎಂದು ಆಗ ಅಂದಾಜು ಮಾಡಿದ್ದರು. ಮಾರಿಸ್‌ಗೆ 1990ರಲ್ಲಿ ನ್ಯಾಯಾಲಯ ಮೂರು ವರ್ಷ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ ಮತ್ತು ದಂಡ ವಿಧಿಸಿತು. ‘ಗೆಟ್ಸ್’ ಫಂಕ್ಷನ್ನನ್ನು ಸಿ ಭಾಷೆಯ 2011ರ ಮಾನದಂಡದಿಂದ ತೆಗೆದುಹಾಕಲಾಯಿತು.

ಇದು ಗೇಟಿನಲ್ಲಿ ಕಾವಲುಗಾರನೇ ಇಲ್ಲದ ಕಥೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮುಂದಿನದು. ಅಲ್ಲಿ ಕಾವಲುಗಾರನಿದ್ದ.

4. ಡಬ್ಲ್ಯುಯು-ಎಫ್‌ಟಿಪಿಡಿಯಲ್ಲಿ ಆದದ್ದು

ಹೆಸರಿನಲ್ಲಿರುವ ಡಬ್ಲ್ಯುಯು ಎಂದರೆ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ಯೂನಿವರ್ಸಿಟಿ. ಅಲ್ಲಿ ಹುಟ್ಟಿದ ಈ ಸರ್ವರ್ 1990ರ ದಶಕದಲ್ಲಿ ಯೂನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳಲ್ಲಿ ಬಹಳ ಬಳಕೆಯಲ್ಲಿತ್ತು. 1999ರ ಫೆಬ್ರವರಿಯಲ್ಲೇ ಇದರಲ್ಲೂ ಪ್ರೋಎಫ್‌ಟಿಪಿಡಿ ಎಂಬ ಇನ್ನೊಂದು ಸರ್ವರ್‌ನಲ್ಲೂ ಬಫರ್ ಓವರ್‌ಫ್ಲೋ ಕಂಡುಬಂದು ಎಚ್ಚರಿಕೆ ಪ್ರಕಟವಾಗಿತ್ತು. ಅದಾಗಿ ನಾಲ್ಕು ವರ್ಷಕ್ಕೆ, 2003ರ ಜುಲೈ 31ರಂದು, ಮತ್ತೊಂದು ದೋಷವನ್ನು ಭದ್ರತಾ ಸಂಶೋಧಕರು ಬಹಿರಂಗಪಡಿಸಿದರು.

ದೋಷ ಇದ್ದದ್ದು ಫೋಲ್ಡರ್‌ಗಳ ದಾರಿಯನ್ನು ಪೂರ್ತಿಯಾಗಿ ಬಿಡಿಸಿ ಬರೆಯುವ ‘ರಿಯಲ್‌ಪಾತ್’ ಎಂಬ ಫಂಕ್ಷನ್‌ನಲ್ಲಿ. ಅದರ ಕೆಲಸ ಹೀಗೆ: ಈವರೆಗಿನ ದಾರಿ ಬರೆಯಬೇಕು, ಒಂದು ಓರೆಗೆರೆ ಹಾಕಬೇಕು, ಅದರ ಮುಂದೆ ಕೊನೆಯ ಹೆಸರನ್ನು ಜೋಡಿಸಬೇಕು. ಜೋಡಿಸುವ ಮೊದಲು ಒಟ್ಟು ಉದ್ದ ಬಫರ್‌ನಲ್ಲಿ ಹಿಡಿಯುತ್ತದೆಯೇ ಎಂದು ಅದು ನೋಡುತ್ತಿತ್ತು. ಹಿಡಿಯದಿದ್ದರೆ ‘ಹೆಸರು ತೀರಾ ಉದ್ದವಾಯಿತು’ ಎಂದು ನಿಲ್ಲಿಸುತ್ತಿತ್ತು.

ಕೂಡಬೇಕಾದ ಬಾಬ್ತುಗಳು ನಾಲ್ಕು:

(ಅ) ಈವರೆಗಿನ ದಾರಿಯ ಅಕ್ಷರಗಳು
(ಆ) ನಡುವಿನ ಓರೆಗೆರೆ, 1
(ಇ) ಹೊಸ ಹೆಸರಿನ ಅಕ್ಷರಗಳು
(ಈ) ಕೊನೆಯ ಸೊನ್ನೆ ಬೈಟ್, 1

ಇಲ್ಲೊಂದು ವಿನಾಯಿತಿ ಇದೆ. ಈವರೆಗಿನ ದಾರಿ ಮೂಲ ಫೋಲ್ಡರ್ ಆಗಿದ್ದರೆ, ಅದು ಬರೀ ಒಂದು ಓರೆಗೆರೆಯೇ. ಆಗ ಇನ್ನೊಂದು ಓರೆಗೆರೆ ಬೇಕಿಲ್ಲ. ಇದನ್ನು ತಿಳಿಯಲು ಪ್ರೋಗ್ರಾಂನಲ್ಲಿ ಒಂದು ಗುರುತು ಇಟ್ಟಿದ್ದರು. ಮೂಲ ಫೋಲ್ಡರ್ ಆದರೆ ಗುರುತು 1, ಅಲ್ಲದಿದ್ದರೆ 0. ಉದ್ದ ಕೂಡುವಾಗ ಈ ಗುರುತನ್ನೇ ಹಾಗೇ ಕೂಡಿಬಿಟ್ಟಿದ್ದರು. ಓರೆಗೆರೆ ಬೇಡದಿದ್ದಾಗ 1 ಕೂಡಿತು, ಬೇಕಾದಾಗ 0 ಕೂಡಿತು. ಅಂದರೆ ಡೆಬಿಟ್ ಕಡೆ ಹೋಗಬೇಕಾದದ್ದು ಕ್ರೆಡಿಟ್ ಕಡೆ ಹೋಗಿತ್ತು.

ಅಂಕಿ ಹಾಕಿ ನೋಡೋಣ. ಇದೇ ತಪ್ಪು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲೂ ಇತ್ತು. ಅಲ್ಲಿ ದಾರಿಯ ಮಿತಿ 1024 ಬೈಟ್. ಈವರೆಗಿನ ದಾರಿ 1000 ಅಕ್ಷರ, ಹೊಸ ಹೆಸರು 23 ಅಕ್ಷರ ಎಂದಿಟ್ಟುಕೊಳ್ಳಿ.

ತಪಾಸಣೆ ಕೂಡಿದ್ದು: 1000 + 0 + 23 + 1 = 1024. ಮಿತಿ ಮೀರಿಲ್ಲ, ಪಾಸ್.
ನಿಜವಾಗಿ ಬರೆದದ್ದು: 1000 + 1 + 23 + 1 = 1025. ಒಂದು ಹೆಚ್ಚು.

ಹೆಸರು ಒಂದು ಅಕ್ಷರ ಉದ್ದ ಇದ್ದಿದ್ದರೆ ತಪಾಸಣೆ ತಡೆಯುತ್ತಿತ್ತು. ಒಂದು ಅಕ್ಷರ ಗಿಡ್ಡ ಇದ್ದಿದ್ದರೆ ಬಫರ್‌ನಲ್ಲೇ ಹಿಡಿಯುತ್ತಿತ್ತು. ಸಾವಿರಾರು ಉದ್ದಗಳ ನಡುವೆ ಸರಿಯಾಗಿ ಒಂದೇ ಉದ್ದಕ್ಕೆ ಬಾಗಿಲು ತೆರೆದಿತ್ತು. ಮಾಮೂಲಿ ಬಳಕೆಯಲ್ಲಿ ಯಾರೂ 1024 ಅಕ್ಷರದ ದಾರಿ ಬರೆಯುವುದಿಲ್ಲ. ಅದಕ್ಕೇ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಬೇಕೆಂದೇ ಅಳತೆ ಮಾಡಿ ಫೋಲ್ಡರ್‌ನೊಳಗೆ ಫೋಲ್ಡರ್ ಮಾಡುತ್ತಾ ಹೋಗುವವರಿಗೆ ಮಾತ್ರ ಅದು ಸಿಗುತ್ತದೆ.

ಓರೆಗೆರೆಯ ಲೆಕ್ಕ ಬಿಟ್ಟದ್ದು ಒಬ್ಬರೇ ಅಲ್ಲ ಎಂಬುದನ್ನೂ ಗಮನಿಸಿ. ಈ ಸಾಲುಗಳು ಹಳೆಯ ಬಿಎಸ್‌ಡಿ ಯೂನಿಕ್ಸ್‌ನಿಂದ ಒಬ್ಬರಿಂದ ಒಬ್ಬರಿಗೆ ಹರಿದು ಬಂದಿದ್ದವು. ಹಾಗಾಗಿ ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರೂ ತಮ್ಮ ತಮ್ಮ ರಿಯಲ್‌ಪಾತ್ ತಿದ್ದಬೇಕಾಯಿತು. ಒಬ್ಬರ ನೋಟ್ಸ್ ನೋಡಿ ಇಡೀ ತರಗತಿ ಬರೆದುಕೊಂಡರೆ, ಆ ನೋಟ್ಸ್‌ನ ತಪ್ಪೂ ಇಡೀ ತರಗತಿಯದಾಗುತ್ತದೆ.

5. ಒಂದು ಸೊನ್ನೆಯಿಂದ ಏನಾಗುತ್ತದೆ?

ಹೊರಗೆ ಬಿದ್ದದ್ದು ಒಂದೇ ಬೈಟ್, ಅದೂ ಸೊನ್ನೆ. ಇದರಿಂದ ಏನು ಮಹಾ ಅನಾಹುತ ಎಂದು ಕೇಳಬಹುದು.

ಬಫರ್‌ನ ಪಕ್ಕದಲ್ಲಿ ಫ್ರೇಮ್ ಪಾಯಿಂಟರ್ ಎಂಬ ಇನ್ನೊಂದು ವಿಳಾಸ ಇರಬಹುದು. ಕರೆದ ಫಂಕ್ಷನ್ ತನ್ನ ಸಾಮಾನುಗಳನ್ನು ಎಲ್ಲಿಟ್ಟಿದೆ ಎಂದು ಅದು ತೋರಿಸುತ್ತದೆ. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಸಂಖ್ಯೆಯ ಅತಿ ಚಿಕ್ಕ ಸ್ಥಾನದ ಬೈಟನ್ನೇ ಮೊದಲು ಇಡುತ್ತಾರೆ. ಆದ್ದರಿಂದ ಹರಿದ ಸೊನ್ನೆ ಆ ಸ್ಥಾನದ ಮೇಲೆ ಬೀಳುತ್ತದೆ. 347 ಎಂಬ ಪುಟಸಂಖ್ಯೆಯ ಬಿಡಿಸ್ಥಾನದ 7 ಅಳಿಸಿ 0 ಬರೆದಂತೆ. 347 ಹೋಗಿ 340 ಆಯಿತು. ಪುಸ್ತಕ ಅದೇ, ಪುಟ ಬೇರೆ. ಈಗ ಪ್ರೋಗ್ರಾಂ ತನ್ನ ರಿಟರ್ನ್ ಅಡ್ರೆಸ್ ಹುಡುಕುವುದು ತಪ್ಪು ಪುಟದಲ್ಲಿ. ಆ ಪುಟದಲ್ಲಿ ಇರುವುದು ದಾಳಿಕೋರ ಕಳಿಸಿದ ಅಕ್ಷರಗಳೇ ಆಗಿದ್ದರೆ, ಮುಂದೆ ಎಲ್ಲಿಗೆ ಹೋಗಬೇಕು ಎಂದು ಹೇಳುವವನು ಅವನೇ.

ಎಲ್ಲ ಯಂತ್ರದಲ್ಲೂ ಹೀಗೇ ಆಗುತ್ತದೆ ಎಂದಲ್ಲ. ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಪರಿಣಾಮ ಬದಲಾಗುತ್ತದೆ. ಆದರೆ ಡಬ್ಲ್ಯುಯು-ಎಫ್‌ಟಿಪಿಡಿಯಲ್ಲಿ ಇದರಿಂದ ‘ರೂಟ್’ ಅಧಿಕಾರವನ್ನೇ ಪಡೆಯಬಹುದಿತ್ತು. ಯೂನಿಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯಲು ರೂಟ್ ಅಧಿಕಾರ ಬೇಕು. ಎಫ್‌ಟಿಪಿಯದು 21. ಆದ್ದರಿಂದ ಸರ್ವರ್ ಆ ಅಧಿಕಾರವನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಿತ್ತು. ಬಾಗಿಲು ಕಾಯುವವನ ಕೈಯಲ್ಲೇ ತಿಜೋರಿಯ ಕೀಲಿಯೂ ಇದ್ದಂತೆ.

6. ಇದೇ ಬಗೆಯ ಇನ್ನೊಂದು ಲೆಕ್ಕ

2010ರಲ್ಲಿ ಪ್ರೋಎಫ್‌ಟಿಪಿಡಿಯಲ್ಲಿ ಮತ್ತೊಂದು ಬಫರ್ ಓವರ್‌ಫ್ಲೋ ಸಿಕ್ಕಿತು. ಅಲ್ಲಿ ಉಳಿದ ಜಾಗ ಎಷ್ಟು ಎಂದು ಒಂದು ಎಣಿಕೆ ಇಟ್ಟಿದ್ದರು. ಅಕ್ಷರ ಬರೆದಂತೆಲ್ಲ ಎಣಿಕೆ ಒಂದೊಂದು ಇಳಿಯಬೇಕು, ಸೊನ್ನೆ ಆದಾಗ ನಿಲ್ಲಬೇಕು. ಆದರೆ 255 ಎಂಬ ಬೆಲೆಯ ವಿಶೇಷ ಬೈಟ್ ಬಂದಾಗ ಕೆಲವೊಮ್ಮೆ ಒಂದೇ ಸುತ್ತಿನಲ್ಲಿ ಎರಡು ಬೈಟ್ ಬರೆಯುತ್ತಿತ್ತು, ಎಣಿಕೆ ಎರಡು ಇಳಿಯುತ್ತಿತ್ತು. ಉಳಿದ ಜಾಗ 1 ಇದ್ದಾಗ ಹೀಗಾದರೆ? 1ರಿಂದ ನೇರವಾಗಿ −1. ಸೊನ್ನೆ ಬರಲೇ ಇಲ್ಲ, ಹಾಗಾಗಿ ನಿಲ್ಲಲೂ ಇಲ್ಲ.

ನಮ್ಮ ಪೆಟ್ಟಿ ಕ್ಯಾಶ್ ಪುಸ್ತಕದಲ್ಲಿ ‘ಬಾಕಿ ಸರಿಯಾಗಿ ಸೊನ್ನೆ ಆದರೆ ಖರ್ಚು ನಿಲ್ಲಿಸು’ ಎಂದು ಮಾತ್ರ ಬರೆದಿದ್ದರೆ ಹೀಗೇ ಆಗುತ್ತದೆ. ‘ಸೊನ್ನೆ ಅಥವಾ ಅದಕ್ಕಿಂತ ಕಡಿಮೆ’ ಎಂದು ಬರೆಯಬೇಕಿತ್ತು. ಆ ವರ್ಷವೇ ಬಂದ 1.3.3ಸಿ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು.

ಒಂದರ ಲೆಕ್ಕ ತಪ್ಪುವುದು ಕಂಪ್ಯೂಟರ್‌ನವರಿಗೆ ಮಾತ್ರ ಬಂದ ಕಷ್ಟವಲ್ಲ. ವಿನಿಮಯ ಹುಂಡಿಯ ಅಧ್ಯಾಯ ನೆನಪಿಸಿಕೊಳ್ಳಿ. ಜನವರಿ 1ರಂದು ಬರೆದ, 30 ದಿನಗಳ ಹುಂಡಿಯ ಪಾವತಿ ದಿನ ಯಾವುದು? ಬರೆದ ದಿನವನ್ನು ಬಿಟ್ಟು ಎಣಿಸಬೇಕು ಎಂದು 1881ರ ವರ್ಗಾವಣೀಯ ಪತ್ರಗಳ ಕಾಯಿದೆ ಹೇಳುತ್ತದೆ. 30ನೇ ದಿನ ಜನವರಿ 31. ಮೂರು ರಿಯಾಯಿತಿ ದಿನ ಸೇರಿಸಿದರೆ ಫೆಬ್ರವರಿ 3. ಜನವರಿ 1ನ್ನೂ ಸೇರಿಸಿ ಎಣಿಸಿದವರಿಗೆ ಫೆಬ್ರವರಿ 2 ಬರುತ್ತದೆ. ಮೊದಲನೆಯದನ್ನು ಸೇರಿಸಬೇಕೇ ಬಿಡಬೇಕೇ ಎಂಬ ಗೊಂದಲ ಎಷ್ಟು ಹಳೆಯದೆಂದರೆ, ಅದಕ್ಕೆ ಕಾಯಿದೆಯಲ್ಲೇ ಒಂದು ಕಲಂ ಬೇಕಾಯಿತು.

7. ಪರಿಹಾರಗಳು

ಮೊದಲ ಪರಿಹಾರ ಕೂಡಿಕೆಯನ್ನು ಸರಿಪಡಿಸುವುದು. ರಿಯಲ್‌ಪಾತ್‌ನಲ್ಲಿ ಗುರುತಿನ ಬದಲು ‘1 ಕಳೆ ಗುರುತು’ ಎಂದು ಬರೆದರೆ ಸಾಕಿತ್ತು. ಆದರೆ ಮುಂದೆ ಬೇರೆಲ್ಲೋ ಇನ್ನೊಂದು ತಪ್ಪು ಇರಬಹುದು. ಅದಕ್ಕಾಗಿ ಒಂದರ ಹಿಂದೆ ಒಂದು ತಡೆಗಳನ್ನು ಕಟ್ಟಿದ್ದಾರೆ.

* ಕ್ಯಾನರಿ: ಬಫರ್ ಮತ್ತು ರಿಟರ್ನ್ ಅಡ್ರೆಸ್ ನಡುವೆ ಒಂದು ಗುಟ್ಟಿನ ಸಂಖ್ಯೆ ಇಡುತ್ತಾರೆ. ಮರಳುವ ಮೊದಲು ಅದು ಬದಲಾಗಿದೆಯೇ ಎಂದು ನೋಡುತ್ತಾರೆ. ಬದಲಾಗಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಗಣಿಗಳಲ್ಲಿ ವಿಷಗಾಳಿ ತಿಳಿಯಲು ಕೊಂಡೊಯ್ಯುತ್ತಿದ್ದ ಕ್ಯಾನರಿ ಹಕ್ಕಿಯ ಹೆಸರು ಇದಕ್ಕೆ ಬಂದಿದೆ. 1998ರಲ್ಲಿ ಸ್ಟಾಕ್‌ಗಾರ್ಡ್ ಎಂಬ ಸಾಧನ ಇದನ್ನು ಪರಿಚಯಿಸಿತು.
* ಮಾಹಿತಿ ಇಡುವ ಜಾಗದಲ್ಲಿ ಆಜ್ಞೆಗಳು ನಡೆಯದಂತೆ ಪ್ರೊಸೆಸರ್‌ನಲ್ಲೇ ತಡೆ.
* ಮೆಮೊರಿಯ ವಿಳಾಸಗಳನ್ನು ಪ್ರತಿ ಬಾರಿ ಬೇರೆ ಬೇರೆಯಾಗಿ ಹಂಚುವುದು. ಆಗ ಯಾವ ಪುಟಕ್ಕೆ ಕಳಿಸಬೇಕೆಂದು ದಾಳಿಕೋರನಿಗೆ ಗೊತ್ತಾಗುವುದಿಲ್ಲ.
* ಅಧಿಕಾರ ಹಂಚಿಕೆ: ಹೊರಗಿನವರ ಜೊತೆ ಮಾತಾಡುವ ಭಾಗಕ್ಕೆ ಕನಿಷ್ಠ ಅಧಿಕಾರ, ರೂಟ್ ಕೆಲಸಕ್ಕೆ ಬೇರೆಯೇ ಸಣ್ಣ ಭಾಗ. ವಿಎಸ್‌ಎಫ್‌ಟಿಪಿಡಿ ಎಂಬ ಸರ್ವರನ್ನು ಕ್ರಿಸ್ ಇವಾನ್ಸ್ ಈ ತತ್ವದ ಮೇಲೆ ಕಟ್ಟಿದರು. ಬಿಸಿನೆಸ್ ಸ್ಟಡೀಸ್ ಓದುವವರಿಗೆ ಇದು ಹೊಸದಲ್ಲ. ಹಣ ಪಡೆಯುವವರು ಮತ್ತು ಲೆಕ್ಕ ಬರೆಯುವವರು ಒಬ್ಬರೇ ಆಗಿರಬಾರದು ಎಂಬ ನಿಯಮವೇ ಇದು.
* ರಸ್ಟ್‌ನಂಥ ಹೊಸ ಭಾಷೆಗಳಲ್ಲಿ ಬಫರ್‌ನ ಅಳತೆಯನ್ನು ಭಾಷೆಯೇ ನೋಡಿಕೊಳ್ಳುತ್ತದೆ.

ಹಳೆಯ ಎಫ್‌ಟಿಪಿಗೆ ಇನ್ನೊಂದು ಕೊರತೆಯೂ ಇದೆ. ಪಾಸ್‌ವರ್ಡ್ ಗುಪ್ತಲಿಪಿ ಇಲ್ಲದೆ ಬರೀ ಅಕ್ಷರಗಳಲ್ಲೇ ಸಾಗುತ್ತದೆ. ಆದ್ದರಿಂದ ಈಗ ಎಸ್‌ಎಫ್‌ಟಿಪಿಯಂಥ ಭದ್ರ ವಿಧಾನಗಳು ಅದರ ಜಾಗಕ್ಕೆ ಬಂದಿವೆ.

8. ಇದು ನಮಗೇಕೆ ಬೇಕು?

ಅಬ್ಬಾ ತಮ್ಮ ಅಂಗಡಿಯ ಬಿಲ್ಲುಗಳನ್ನು ಪ್ರತಿ ತಿಂಗಳು ಆಡಿಟರ್ ಕಚೇರಿಗೆ ಕಳಿಸುತ್ತಾರೆ. ಯಾರಿಂದ ಎಷ್ಟು ಸಾಲ, ಯಾರಿಗೆ ಎಷ್ಟು ಬಾಕಿ ಎಲ್ಲವೂ ಆ ಕಚೇರಿಯ ಕಂಪ್ಯೂಟರ್‌ನಲ್ಲಿದೆ. ಅಲ್ಲಿ ಯಾವ ಸರ್ವರ್ ಇದೆ, ಅದನ್ನು ಕೊನೆಯ ಬಾರಿ ಯಾವಾಗ ಅಪ್‌ಡೇಟ್ ಮಾಡಿದರು ಎಂದು ಅಬ್ಬಾಗೆ ತಿಳಿಯುವ ದಾರಿಯಿಲ್ಲ. ಅವರು ನಂಬಿ ಕೊಟ್ಟಿದ್ದಾರೆ, ಅಷ್ಟೇ. ಕನ್ನಡ ಪತ್ರಿಕೆಯಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ನಮ್ಮ ಮನೆಯಲ್ಲಿ ‘ಅಮಾನತ್’ ಎಂದರೆ ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟ ವಸ್ತು. ಇನ್ನು ಐದಾರು ವರ್ಷದಲ್ಲಿ ನಮ್ಮಲ್ಲಿ ಹಲವರು ಅಂಥ ಕಚೇರಿಗಳಲ್ಲಿ ಕುಳಿತಿರುತ್ತೇವೆ. ಸಂಬಳದ ಪಟ್ಟಿ, ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ ಎಲ್ಲವೂ ನಮ್ಮ ಕೈಯಲ್ಲಿರುತ್ತದೆ. ಪ್ರೋಗ್ರಾಂ ಬರೆಯಲು ಬಾರದಿದ್ದರೂ ನಾವು ಕೇಳಬಹುದಾದ ಪ್ರಶ್ನೆಗಳಿವೆ: ಈ ತಂತ್ರಾಂಶಕ್ಕೆ ಈಗಲೂ ತಿದ್ದುಪಡಿಗಳು ಬರುತ್ತಿವೆಯೇ? ಬಂದವನ್ನು ಹಾಕಿದ್ದೇವೆಯೇ? ಬೇಡದ ಸರ್ವರ್ ಸುಮ್ಮನೆ ತೆರೆದಿದೆಯೇ? ಅದಕ್ಕೆ ಅಗತ್ಯಕ್ಕಿಂತ ಹೆಚ್ಚು ಅಧಿಕಾರ ಕೊಟ್ಟಿದ್ದೇವೆಯೇ?

ಇನ್ನೊಂದು ಎಚ್ಚರಿಕೆ. ಇದನ್ನು ಓದಿ ಯಾರದೋ ಸರ್ವರ್ ಮೇಲೆ ಪ್ರಯೋಗ ಮಾಡಲು ಹೋಗಬೇಡಿ. ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 43ನೇ ಕಲಂ ಅಡಿ ತಪ್ಪು. ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಂ ಅಡಿ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ದೋಷ ಕಂಡರೆ ತಿಳಿಸಲು ನಮ್ಮ ದೇಶದಲ್ಲಿ 2004ರಿಂದ ಸರ್ಟ್-ಇನ್ ಎಂಬ ಸಂಸ್ಥೆ ಇದೆ. ದಾಳಿಯಾದರೆ ಆರು ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕೆಂದು 2022ರಲ್ಲಿ ಸಂಸ್ಥೆಗಳಿಗೆ ನಿರ್ದೇಶನವೂ ಬಂದಿದೆ.

ನೆನಪಿಡಬೇಕಾದ ಅಂಶಗಳು

1. ಹೊರಗಿನಿಂದ ಬಂದದ್ದನ್ನು ಅಳೆಯದೆ ಬಫರ್‌ಗೆ ಹಾಕಬಾರದು.
2. ಅಳೆಯುವಾಗ, ನಿಜವಾಗಿ ಬರೆಯಲಿರುವ ಪ್ರತಿಯೊಂದು ಬೈಟನ್ನೂ ಕೂಡಬೇಕು. ನಡುವಿನ ಗೆರೆ, ಕೊನೆಯ ಸೊನ್ನೆ ಎರಡೂ ಸೇರಿ.
3. ತಪಾಸಣೆ ಇದೆ ಎಂಬುದೇ ಭರವಸೆಯಲ್ಲ. ಆ ತಪಾಸಣೆಯನ್ನು ಮಿತಿಯ ಅಂಚಿನಲ್ಲಿಟ್ಟು ಪರೀಕ್ಷಿಸಬೇಕು: ಮಿತಿಗೆ ಒಂದು ಕಡಿಮೆ, ಸರಿಯಾಗಿ ಮಿತಿ, ಮಿತಿಗಿಂತ ಒಂದು ಹೆಚ್ಚು.

ನೀವೇ ಮಾಡಿ ನೋಡಿ

ಪ್ರಶ್ನೆ 1: ಬಫರ್ 20 ಬೈಟ್. ಈವರೆಗಿನ ದಾರಿ 12 ಅಕ್ಷರ (ಮೂಲ ಫೋಲ್ಡರ್ ಅಲ್ಲ), ಹೊಸ ಹೆಸರು 7 ಅಕ್ಷರ. 2003ರ ತಪ್ಪು ತಪಾಸಣೆ ಇದನ್ನು ಬಿಡುತ್ತದೆಯೇ? ಬಿಡಬೇಕೇ?
ಪ್ರಶ್ನೆ 2: ಮಾರ್ಚ್ 10ರಂದು ಬರೆದ 60 ದಿನಗಳ ಹುಂಡಿಯ ಪಾವತಿ ದಿನ ಯಾವುದು?

ಉತ್ತರ 1: ತಪ್ಪು ತಪಾಸಣೆ 12 + 0 + 7 + 1 = 20 ಎಂದು ಕೂಡಿ ಬಿಡುತ್ತದೆ. ನಿಜ ಲೆಕ್ಕ 12 + 1 + 7 + 1 = 21. ಬಿಡಬಾರದು.
ಉತ್ತರ 2: ಮಾರ್ಚ್‌ನಲ್ಲಿ 21 ದಿನ, ಏಪ್ರಿಲ್‌ನಲ್ಲಿ 30, ಮೇ ತಿಂಗಳಲ್ಲಿ 9, ಒಟ್ಟು 60. ಮೂರು ರಿಯಾಯಿತಿ ದಿನ ಸೇರಿಸಿ ಮೇ 12.